ಕೊನೆಯ ಸರದಿಯ ಬಾವಿ

ಏಪ್ರಿಲ್ 9

ಇಂದು ನನ್ನ ಬಾವಿಗೆ ಬೀಗ ಬಿತ್ತು. ಬಾವಿಗೆ ಕೊಡ ಬಿದ್ದದ್ದು, ಬಕೆಟ್ ಬಿದ್ದದ್ದು, ಒಮ್ಮೆ ಬುರ್ಹೋನ್‌ನ ಟೋಪಿ ಬಿದ್ದದ್ದು ಎಲ್ಲವನ್ನೂ ಕಂಡಿದ್ದೇನೆ. ಬೀಗ ಬಿದ್ದದ್ದನ್ನು ಕಂಡದ್ದು ಇದೇ ಮೊದಲು.

ಜಡಿದವಳು ತಾಷ್ಕೆಂಟಿನಿಂದ ಬಂದ ಅಂತರ್ಜಲದ ಎಂಜಿನಿಯರ್. ಹೆಸರು ಸನೋಬರ್. ಹೆತ್ತವರು ಸಮೋವರ್, ಅಂದರೆ ಚಹಾದ ಹಂಡೆ, ಎಂದಿಟ್ಟಿದ್ದರೂ ನಡೆಯುತ್ತಿತ್ತು: ಅಷ್ಟೇ ಎತ್ತರ, ಅಷ್ಟೇ ಬಿಸಿ.

"ಯೋದ್ಗೋರ್ ಅಣ್ಣ, ಇನ್ಮೇಲೆ ಈ ನೀರನ್ನ ಒಲೆ ಮೇಲಿಡೋ ಹಾಗಿಲ್ಲ. ಬಟ್ಟಲು ತೊಳೆಯೋಕೂ ಬೇಡ."

"ಮುಖ ತೊಳ್ಕೋಬಹುದಾ, ತಾಯಿ?"

"ತೊಳ್ಕೊಳ್ಳಿ. ಆಮೇಲೆ ಸಿಗರೇಟು ಹಚ್ಚೋಕೆ ಮಾತ್ರ ಹೋಗ್ಬೇಡಿ."

ನಗದೆ ಹೇಳಿದಳು. ನಗದೆ ನಗಿಸುವವರು ಅಪಾಯಕಾರಿ ಜನ.

ಪಕ್ಕದ ಪೆಟ್ರೋಲ್ ಬಂಕ್ ಬುರ್ಹೋನ್‌ದು. ಅವನ ಹಳೆಯ ಟ್ಯಾಂಕು ನೆಲದೊಳಗೆ ತುಕ್ಕು ಹಿಡಿದು, ಯಾವ ಕಾಲದಿಂದಲೋ ಸೋರಿ, ಪೆಟ್ರೋಲು ನನ್ನ ಬಾವಿಯವರೆಗೂ ಬಂದಿದೆ. ಟ್ಯಾಂಕನ್ನು ಚಳಿಗಾಲದಲ್ಲೇ ಅಗೆದು ತೆಗೆದರು. ಅದು ಕುಡಿಸಿದ್ದನ್ನು ಮಣ್ಣು ಇನ್ನೂ ಅರಗಿಸಿಕೊಂಡಿಲ್ಲ. ಚಹಾದಲ್ಲಿ ಏನೋ ವಾಸನೆ ಎಂದು ಗಿರಾಕಿಗಳು ಹೇಳಿದಾಗ, ಅದು ನಿಮ್ಮ ಅಂಗಿಯದೆಂದು ನಾನು ಲಾರಿ ಡ್ರೈವರುಗಳನ್ನೇ ಗೇಲಿ ಮಾಡಿದ್ದೆ.

ನನ್ನ ಚಹಾಮನೆಗೆ ಜನ ಬರುತ್ತಿದ್ದುದು ನನ್ನ ಮುಖ ನೋಡುವುದಕ್ಕಲ್ಲ, ಈ ನೀರಿಗೆ. ಮರ್ಗಿಲಾನಿನಿಂದ ಕೋಕಂದಿಗೆ ಹೋಗುವವರು ದಾರಿ ಬಳಸಿ ಬರುತ್ತಿದ್ದರು. ಈಗ ಟ್ಯಾಂಕರ್ ನೀರು. ಅದರ ಚಹಾ ಕುಡಿದವನು ಎರಡನೆಯ ಬಟ್ಟಲು ಕೇಳುವುದಿಲ್ಲ, ಕೋಕಂದಿಗೆ ದಾರಿ ಕೇಳುತ್ತಾನೆ.

"ಬಾವೀನ ಯಾವಾಗ ಬಿಟ್ಟುಕೊಡ್ತೀರಿ?" ಎಂದೆ.

"ಅದೇ ಹೇಳುತ್ತೆ."

"ಬಾವಿ ಮಾತಾಡುತ್ತಾ?"

"ಆಡುತ್ತೆ. ನಡುವೆ ಯಾರೂ ಬಾಯಿ ಹಾಕಬಾರದು, ಅಷ್ಟೆ."

ನನ್ನ ಬಾವಿಯ ಭಾವಿ ಈ ಹೆಣ್ಣಿನ ಕೈಯಲ್ಲಿ. ಚೆನ್ನಾಯಿತು.

ಏಪ್ರಿಲ್ 16

ಪೆಟ್ರೋಲು ಎಲ್ಲಿಯವರೆಗೆ ಹರಡಿದೆಯೆಂದು ನೋಡಲು ಸನೋಬರಳ ಆಳುಗಳು ವಾರವಿಡೀ ನೆಲ ಕೊರೆದರು. ಬಂಕಿನ ಅಂಗಳದಲ್ಲಿ, ನನ್ನ ಹಿಪ್ಪುನೇರಳೆ ಮರದ ಬುಡದಲ್ಲಿ, ರಸ್ತೆಯ ಉದ್ದಕ್ಕೂ ತೆಳ್ಳನೆಯ ಕೊಳವೆಗಳನ್ನು ಇಳಿಸಿ ಮೇಲೆ ಕಬ್ಬಿಣದ ಮುಚ್ಚಳ ಹಾಕಿದ್ದಾರೆ. ಕೊನೆಯದು ಶಿಶುವಿಹಾರದ ಗೋಡೆಯ ಹತ್ತಿರ. ಅಲ್ಲಿ ನನ್ನ ಹೆಂಡತಿ ಮಸ್ತುರಾ ಅಡುಗೆ ಮಾಡುತ್ತಾಳೆ. ಅವರಿಗೂ ಅವರದೇ ಬಾವಿ ಇದೆ. ಅದರ ನೀರು ಈವರೆಗೆ ಚೊಕ್ಕಟ.

ಮೊಹಲ್ಲಾದ ತುಂಬ ಒಂದೇ ಸುದ್ದಿ. "ಬುರ್ಹೋನ್‌ನ ಬಂಕಿನಡಿ ಪೆಟ್ರೋಲ್ ಸಿಕ್ಕಿದೆಯಂತೆ!"

"ಸಿಕ್ಕಿರೋದು ನಿಜ," ಎಂದೆ. "ಕಳ್ಕೊಂಡವನೂ ಅವನೇ."

ಬುರ್ಹೋನ್ ನಗಲಿಲ್ಲ. ಇತ್ತೀಚೆಗೆ ಅವನು ನನ್ನ ಅಂಗಡಿಯ ಮುಂದೆ ಹಾದುಹೋಗುವಾಗ ಆಕಾಶ ನೋಡುತ್ತಾನೆ, ಮೋಡವೊಂದೂ ಇಲ್ಲದಿದ್ದರೂ.

ನಮ್ಮ ಮೊಹಲ್ಲಾದ ಹಿರಿಯರು ತುರ್ಗುನ್ ಅಜ್ಜ. ಅವರಿಗೆ ಬೇರೆಯೇ ಚಿಂತೆ. "ಇಷ್ಟು ನೆಲ ಕೊರೆದ್ರು, ಒಬ್ಬರಿಗೂ ಒಂದು ತುತ್ತು ಪಲಾವ್ ಹಾಕ್ಲಿಲ್ಲ. ಕೆಲಸ ಹೇಗಪ್ಪಾ ಕೈಗೂಡುತ್ತೆ?"

ಏಪ್ರಿಲ್ 28

ಸನೋಬರಳ ಹತ್ತಿರ ಹಾಡುವ ಅಳತೆಪಟ್ಟಿಯೊಂದಿದೆ. ಕೊಳವೆಯೊಳಗೆ ಬಿಟ್ಟರೆ, ನೀರು ಮುಟ್ಟಿದಾಗ ಟಿಕ್ ಟಿಕ್ ಎನ್ನುತ್ತದೆ. ಪೆಟ್ರೋಲು ಮುಟ್ಟಿದರೆ ಉಸಿರು ಬಿಡದೆ ಒಂದೇ ರಾಗದಲ್ಲಿ ಅಳುತ್ತದೆ. ಬಂಕಿನ ಅಂಗಳದಲ್ಲಿ ಅದು ಅತ್ತ ಅಳುವಿಗೆ ಹೋಗುವವರು ನಿಂತು, ಯಾರ ಮನೆಯಲ್ಲಿ ಸಾವೆಂದು ಕೇಳಿದರು.

ಆಮೇಲೆ ನನ್ನ ಬಾವಿಯ ಬೀಗ ತೆಗೆದು ಗಾಜಿನಂಥ ಪಾರದರ್ಶಕ ನಳಿಕೆಯೊಂದನ್ನು ದಾರದಲ್ಲಿ ಇಳಿಸಿದಳು. ಮೇಲೆ ಬಂದಾಗ ನೀರಿನ ತಲೆಯ ಮೇಲೆ ಬೆರಳಗಲದ ಹಳದಿ ಪದರ ಕೂತಿತ್ತು. ಜೋಕು ಹುಡುಕಿದೆ. ಸಿಗಲಿಲ್ಲ. ಹದವಾಗಿ ಇಳಿದ ಹಸಿರು ಚಹಾದ ಬಣ್ಣವೇ ಇತ್ತು, ದರಿದ್ರದ್ದು.

ಮೇ 7

ಸಂಜೆ ಅಸ್ಕಿಯಾ. ನಮ್ಮ ಫರ್ಗಾನಾ ಕಣಿವೆಯಲ್ಲಿ ಕುಸ್ತಿಗಿಂತ ಈ ಮಾತಿನ ಕುಸ್ತಿಗೇ ಜನ ಜಾಸ್ತಿ. ಶಾಲೆಯಲ್ಲಿ ವ್ಯಾಕರಣ ಪಾಠ ಹೇಳುತ್ತಿದ್ದ ಕಾಲದಿಂದಲೂ ನನ್ನನ್ನು ಚಿತ್ ಮಾಡಿದವರು ಇಲ್ಲಿ ಕಡಿಮೆ. ವಿಷಯವನ್ನು ನಾನೇ ಕೊಟ್ಟೆ: ನೀರು. ಸನೋಬರ್ ಮೂಲೆಯಲ್ಲಿ, ಗಿರಾಕಿಗಳು ಕೂರುವ ಮಂಚದ ಮೇಲೆ ನಾನ್ ರೊಟ್ಟಿ ಮುರಿಯುತ್ತ ಕೂತಿದ್ದಳು.

"ನೋಡ್ರಪ್ಪ," ಎಂದೆ, "ಹೆಣ್ಣುಮಕ್ಕಳು ಹೀಗಿರಬೇಕು. ಊರಿಗೆಲ್ಲ ಮಾದರಿ! ಯಾಕಂದ್ರೆ ದಿನವಿಡೀ ಮಾದರಿ ತೆಗೆಯೋದು ಬಿಟ್ರೆ ಇವಳಿಗೆ ಬೇರೆ ಕೆಲಸಾನೇ ಇಲ್ಲ."

ಜನ ನಕ್ಕರು. ಅವಳು ನಾನ್ ಅಗಿದು ನುಂಗಿ, ಆಮೇಲೆ ಹೇಳಿದಳು:

"ನಿಮ್ದೂ ಒಂದು ಮಾದರಿ ತೆಗೆದೆ ಅಣ್ಣ. ಮೇಲೆ ತೇಲೋದು ಬಹಳ. ತಳದಲ್ಲಿ ಏನೂ ಸಿಗ್ಲಿಲ್ಲ."

ತುರ್ಗುನ್ ಅಜ್ಜ ನಕ್ಕ ರಭಸಕ್ಕೆ ಚಹಾ ಮೂಗಿಗೆ ಹೋಗಿ ಬೆನ್ನು ತಟ್ಟಬೇಕಾಯಿತು. ಬುರ್ಹೋನ್ ಕೂಡ ನಕ್ಕ, ಎಷ್ಟೋ ದಿನದ ಮೇಲೆ. ನನ್ನದೇ ಅಂಗಡಿಯಲ್ಲಿ, ನನ್ನದೇ ವಿಷಯದಲ್ಲಿ ನನ್ನ ನೀರಿಳಿಸಿದಳು.

ನೀರು ಅವಳ ಕಸುಬು. ಅದನ್ನು ವಿಷಯವಾಗಿ ಕೊಟ್ಟದ್ದು ನನ್ನದೇ ಪೆದ್ದುತನ. ಮುಂದಿನ ಸಲ ವಿಷಯ: ಹೆಂಡತಿ.

ಮೇ 21

ಇಂದು ಜಗಳ. ತಿಂಗಳ ಮಾದರಿ ತೆಗೆಯುವ ದಿನ ಇವಳು ಮೊದಲು ಹೋಗುವುದು ಶಿಶುವಿಹಾರದ ಕೊಳವೆಗೆ. ಆಮೇಲೆ ರಸ್ತೆಯವು, ಹಿಪ್ಪುನೇರಳೆ ಮರದ್ದು, ಬಂಕಿನವು. ನನ್ನ ಬಾವಿಗೆ ಬರುವುದು ಎಲ್ಲದರ ಕೊನೆಗೆ. ಯಾರನ್ನು ಎಲ್ಲಿ ಕೂರಿಸಬೇಕು, ಮೊದಲ ಬಟ್ಟಲು ಯಾರಿಗೆ ಹೋಗಬೇಕು ಎಂಬುದನ್ನು ತೊಟ್ಟಿಲಲ್ಲೇ ಕಲಿತವರು ನಾವು. ಸುಮ್ಮನಿರಲಾಗಲಿಲ್ಲ.

"ನಮ್ಮ ಬಾವಿ ಈ ಬೀದಿಗೇ ಹಿರಿಯದು ತಾಯಿ. ಬಾಗಿಲ ಹತ್ತಿರ ಕೂರಿಸೋ ನೆಂಟನ ಹಾಗೆ ಕೊನೇಲಿ ಮಾತಾಡಿಸ್ತೀಯಲ್ಲ?"

"ಅಣ್ಣ, ಚೊಕ್ಕಟವಾಗಿರೋದ್ರಿಂದ ಶುರುಮಾಡಿ ಕೊಳಕಿಗೆ ಬರಬೇಕು. ಕೊಳಕು ಮುಟ್ಟಿದ ಕೈ, ದಾರ, ಪಂಪು ಚೊಕ್ಕಟದ ಹತ್ತಿರ ಹೋದ್ರೆ ಚೊಕ್ಕಟದ್ದು ಸುಳ್ಳು ಹೇಳುತ್ತೆ."

"ಅಂದ್ರೆ ಎಲ್ಲಕ್ಕಿಂತ ಕೊಳಕು ನಾನು."

"ನೀವಲ್ಲ. ನಿಮ್ಮ ಬಾವಿ."

ಬಾವಿ ಬೇರೆ ನಾನು ಬೇರೆ ಎಂದು ಇವಳಿಗೆ ಯಾರು ಹೇಳಿದರೋ. ಮಸ್ತುರಾ ಸಂಜೆ ಕೇಳಿ, "ಸರಿಯಾಗೇ ಹೇಳಿದಾಳೆ. ಪಾತ್ರೆ ತೊಳೆಯುವಾಗ ನಾನು ಮೊದಲು ಬಟ್ಟಲು ತೊಳೀತೀನಾ, ಕೊಬ್ಬಿನ ಕಡಾಯಿ ತೊಳೀತೀನಾ?" ಎಂದಳು. ಹೆಂಗಸರು ಒಂದಾದರೆ ವ್ಯಾಕರಣಕ್ಕೇನು ಬೆಲೆ?

ಜೂನ್ 18

ಬಂಕಿನ ಅಂಗಳದಲ್ಲಿ ಪಂಪು ಹೂಡಿದ್ದಾರೆ. ನೆಲದಿಂದ ಎಳೆದ ನೀರು ಒಂದು ಗೋಪುರದ ತಲೆಯಿಂದ ಪ್ಲಾಸ್ಟಿಕ್ ಬಳೆಗಳ ರಾಶಿಯ ಮೇಲೆ ಚದುರಿ ಬೀಳುತ್ತದೆ. ಕೆಳಗಿನಿಂದ ಫ್ಯಾನು ಗಾಳಿ ಊದುತ್ತದೆ, ಪೆಟ್ರೋಲು ಆ ಗಾಳಿಯ ಜೊತೆ ಹೋಗುತ್ತದೆ. ಉಳಿದ ನೀರು ಇದ್ದಿಲು ತುಂಬಿದ ಪೀಪಾಯಿಗಳನ್ನು ಹಾದು ಬೀದಿಯ ಕಾಲುವೆ ಸೇರುತ್ತದೆ. ಇದ್ದಿಲು ಜರ್ದಾಳು ಓಟೆಯದಂತೆ. ಹಣ್ಣನ್ನು ನಾವು ತಿಂದೆವು, ಬೀಜವನ್ನು ಉಪ್ಪು ಹಚ್ಚಿ ತಿಂದೆವು, ಈಗ ಓಟೆ ನಮ್ಮ ಕೊಳೆ ತಿನ್ನುತ್ತಿದೆ.

"ಹೀಗೇ ನಡೆದ್ರೆ," ಎಂದಳು ಸನೋಬರ್, "ಮುಂದಿನ ನವ್ರೂಜ್ ಹೊತ್ತಿಗೆ ನಿಮ್ಮ ಬಾವಿ ನಿಮ್ಮದಾಗಬಹುದು."

ಅಂಗಡಿಯಲ್ಲಿದ್ದವರಿಗೆಲ್ಲ ಬಾದಾಮಿ ಹಂಚಿದೆ. ನವ್ರೂಜ್! ವಸಂತದ ಮೊದಲ ದಿನ, ನನ್ನ ಬಾವಿಯ ಮೊದಲ ಚಹಾ.

ಅವಳು ಪುಟ್ಟ ಸೀಸೆ ತುಂಬುವುದನ್ನು ಹತ್ತಿರದಿಂದ ನೋಡಿದೆ. ಅಂಚಿಗಿಂತ ಮೇಲೆ ನೀರು ಗುಬುಟಾಗಿ ನಿಲ್ಲುವವರೆಗೂ ಹನಿಹನಿಯಾಗಿ ಬಿಡುತ್ತಾಳೆ. ಮುಚ್ಚಿ, ತಲೆಕೆಳಗು ಮಾಡಿ, ಬೆರಳಿನಿಂದ ತಟ್ಟಿ ನೋಡುತ್ತಾಳೆ. ಸಾಸಿವೆಯಷ್ಟು ಗಾಳಿಗುಳ್ಳೆ ಕಂಡರೂ ಚೆಲ್ಲಿ ಮತ್ತೆ ಮೊದಲಿನಿಂದ. ಪೆಟ್ರೋಲು ಆ ಗುಳ್ಳೆಯೊಳಗೆ ಓಡಿಹೋಗುತ್ತದಂತೆ. ಒಂದೇ ಸೀಸೆಯನ್ನು ಎಷ್ಟು ಸಲ ಚೆಲ್ಲಿದಳೋ. ಮುಖದಲ್ಲಿ ಬೇಸರವಿಲ್ಲ. ನಾನೂ ಚಹಾ ಸೋಸುವಾಗ ಹೀಗೆಯೇ ಇರುತ್ತೇನೆ ಎಂದು ಹೇಳಿಕೊಳ್ಳುವ ಆಸೆ. ಇರುವುದಿಲ್ಲ.

ಜುಲೈ 9

ಬಿಸಿಲು. ನೊಣಗಳೂ ನೆರಳಿನಲ್ಲಿ ನಡೆಯುತ್ತಿವೆ. ಸನೋಬರ್ ಮಾತ್ರ ರಸ್ತೆ ಬದಿಯಲ್ಲಿ ಕೂತು ಕೊಳವೆಯ ಹಳೆ ನೀರನ್ನು ಎಳೆದು ಎಳೆದು ಚೆಲ್ಲುತ್ತಿದ್ದಳು. ಒಳಗಿನ ಹೊಸ ನೀರು ಬರುವತನಕ ಮಾದರಿ ತೆಗೆಯುವುದಿಲ್ಲವಂತೆ. ಖರಬೂಜ ಕೊಯ್ದು ಕಳಿಸಿದೆ. ಸಿಪ್ಪೆ ಮಾತ್ರ ವಾಪಸ್ ಬಂತು.

ಜುಲೈ 20

ಎಂಥ ದಿನ! ತುರ್ಗುನ್ ಅಜ್ಜ ಬೆಳಗ್ಗೆಯೇ ಮನೆಮನೆಯ ಬಾಗಿಲು ಬಡಿದು ಹಷರ್ ಕರೆದರು. ಗೋಡೆ ಎಬ್ಬಿಸುವುದಿರಲಿ, ಕಾಲುವೆಯ ಹೂಳೆತ್ತುವುದಿರಲಿ, ಹಷರ್ ಎಂದಮೇಲೆ ಇಡೀ ಬೀದಿ ಕೂಲಿಯಿಲ್ಲದೆ ಕೈಹಚ್ಚಬೇಕು.

"ಪರ ಊರಿನ ಹೆಣ್ಣುಮಗಳು ಏಪ್ರಿಲ್‌ನಿಂದ ಒಬ್ಬಳೇ ಕೊಳವೆ ತೊಳೀತಿದಾಳೆ," ಎಂದರು ಅಜ್ಜ. "ಅವಳು ತಾಷ್ಕೆಂಟಿಂದ ಬರೋ ಹೊತ್ತಿಗೆ ಮುಗಿಸಿಬಿಡೋಣ. ನಾವೇನು ಸತ್ತಿದೀವಾ?"

ಅವಳು ಎಳೆದು ಎಳೆದು ಚೆಲ್ಲುವುದನ್ನು ಎಲ್ಲರೂ ಕಂಡವರೇ. ಬುರ್ಹೋನ್ ಪಾನಾ ತಂದು ಮುಚ್ಚಳಗಳನ್ನು ಬಿಚ್ಚಿದ. ಡಬ್ಬಿಗೆ ದಾರ ಕಟ್ಟಿ ಒಳಗಿದ್ದುದನ್ನೆಲ್ಲ ಬಳಿದೆವು. ಉದ್ದ ಕೋಲಿಗೆ ಬಟ್ಟೆ ಸುತ್ತಿ ಉಜ್ಜಿದೆವು. ಬೆಟ್ಟದ ಬುಗ್ಗೆಯಿಂದ ಕ್ಯಾನುಗಟ್ಟಲೆ ತಂದ ನೀರನ್ನು ಪ್ರತಿಯೊಂದು ಕೊಳವೆಗೂ ತುಂಬಿದೆವು. ಹೆಂಗಸರು ಸುತ್ತ ನೀರು ಚಿಮುಕಿಸಿ ಗುಡಿಸಿದರು. ನನ್ನ ಬಾವಿಯನ್ನೂ ತೊಳೆಯೋಣವೆಂದು ಬುರ್ಹೋನ್ ಸುತ್ತಿಗೆ ಎತ್ತಿದರೆ ಅಜ್ಜ ಬಿಡಲಿಲ್ಲ: "ಬೀಗ ಅವಳ ಮಾತು. ಮಾತು ಒಡೀಬಾರದು."

ಪಲಾವ್ ನನ್ನದು. ಇಡೀ ಬೆಳ್ಳುಳ್ಳಿ ಗಡ್ಡೆ, ಹಳದಿ ಕ್ಯಾರೆಟ್, ತಳ ಹಿಡಿಯದ ಅಕ್ಕಿ. ಮುಚ್ಚಳಗಳು ಥಳಥಳ ಹೊಳೆಯುತ್ತಿವೆ. ಇಂಥ ಜನರ ನಡುವೆ ಹುಟ್ಟಿದ್ದಕ್ಕೆ ಹೆಮ್ಮೆಯಾಗುತ್ತದೆ.

ಜುಲೈ 23

ಸನೋಬರ್ ಬಂದರು. ಅಜ್ಜ ಕೈಹಿಡಿದು ಮದುಮಗಳಂತೆ ಕೊಳವೆಯಿಂದ ಕೊಳವೆಗೆ ಕರೆದೊಯ್ದರು. ಅಳತೆಪಟ್ಟಿ ಎಲ್ಲೆಡೆ ಟಿಕ್ ಟಿಕ್ ಎಂದಿತು. ಬಂಕಿನ ಅಂಗಳದಲ್ಲೂ ಅಳಲಿಲ್ಲ. ಜನ ಚಪ್ಪಾಳೆ ಹೊಡೆದರು.

ಸನೋಬರ್ ಅಳತೆಪಟ್ಟಿ ಸುತ್ತಿ ಚೀಲಕ್ಕಿಟ್ಟರು. ಆಮೇಲೆ ಬಂದು ನನ್ನ ಮಂಚದ ಮೇಲೆ ಕೂತು, ಅವರಿಗೆಂದು ತಂಪಿನಲ್ಲಿ ಇಟ್ಟಿದ್ದ ಪಲಾವನ್ನು ಬಿಸಿಮಾಡಿ ಕೊಟ್ಟಾಗ ಪೂರ್ತಿ ತಿಂದರು. ಬೆರಳೊರೆಸಿಕೊಂಡು ಹೇಳಿದರು:

"ಅಜ್ಜ, ಈ ಕೊಳವೆಗಳಿವೆಯಲ್ಲ, ಇವು ಥರ್ಮಾಮೀಟರ್. ಮಗೂಗೆ ಜ್ವರ. ನೀವು ಥರ್ಮಾಮೀಟರನ್ನ ಮಂಜಲ್ಲಿ ಅದ್ದಿ ತಂದಿದ್ದೀರಿ."

ಅಜ್ಜ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಹಾಗಾದ್ರೆ ಜ್ವರ ಇಳಿದಿಲ್ವಾ, ಮಗಳೇ?"

"ಇಳಿದಿದೆಯೋ ಏರಿದೆಯೋ, ಈಗ ಯಾರಿಗೂ ಗೊತ್ತಾಗಲ್ಲ. ಕೊಳವೆ ತನ್ನ ನೀರು ತಾನು ಕುಡಿದು ಸರಿಹೋಗೋವರೆಗೆ ಕಾಯಬೇಕು."

ಆಗ ನಾನು ಅರ್ಧ ತಮಾಷೆಗೆ ಹೇಳಿದೆ. ಅರ್ಧ ಮಾತ್ರ. "ಇವತ್ತಿನದ್ದನ್ನೇ ಒಪ್ಪಿಸಿಬಿಡಿ ತಾಯಿ. ಎಲ್ಲಾ ಚೊಕ್ಕಟ, ಬೀಗ ತೆಗೆಯಿರಿ ಅಂತ. ಮೇಲಿನವರೂ ಖುಷಿ, ನಾವೂ ಖುಷಿ."

"ನೀರು ಶುದ್ಧವಾಗಿದೆ ಅಣ್ಣ. ಆದ್ರೆ ಅದು ಶುದ್ಧ ಸುಳ್ಳು."

ಅಸ್ಕಿಯಾದಲ್ಲಿ ಆಗಿದ್ದರೆ ನಾನೇ ಎದ್ದು ಶಾಲು ಹೊದಿಸುತ್ತಿದ್ದೆ. ಎಲ್ಲರೂ ಹೋದಮೇಲೆ, ಯಾಕೆ ಬೈಯಲಿಲ್ಲವೆಂದು ಕೇಳಿದೆ. "ಬೈದ್ರೆ ಮುಂದಿನ ಸಲ ನನಗೆ ಹೇಳದೇ ಮಾಡ್ತಾರೆ. ಈ ಸಲ ಕೈಹಿಡಿದು ತೋರಿಸಿದ್ರು. ನಾನು ಹೋದ ಎಷ್ಟೋ ಊರಲ್ಲಿ ನನ್ನ ಹತ್ರ ಮಾತೇ ಆಡಿಲ್ಲ."

ಆಗಸ್ಟ್ 4

ಕಾಯುತ್ತಿದ್ದೇವೆ. ಮುಚ್ಚಳಗಳ ಹತ್ತಿರ ಕೋಳಿ ಬಂದರೂ ಅಜ್ಜ ಕೋಲೆತ್ತುತ್ತಾರೆ.

ಆಗಸ್ಟ್ 15

ಟ್ಯಾಂಕರ್ ಬರಲಿಲ್ಲ. ಅಂಗಡಿ ಮುಚ್ಚಿದ್ದೆ. ಲಾರಿಯವನೊಬ್ಬ ಕಿಟಕಿ ಇಳಿಸಿ, "ಬದುಕಿದ್ದೀರಾ ಮೇಷ್ಟ್ರೇ?" ಎಂದ. "ನವ್ರೂಜ್‌ಗೆ ಬಾ, ತೋರಿಸ್ತೀನಿ" ಎಂದೆ.

ಆಗಸ್ಟ್ 29

ನಿಜವಾದ ಫಲಿತಾಂಶ ಬಂತು. ಹತ್ತಿ ಹೊಲಗಳಿಗೆ ನೀರು ಬಿಟ್ಟಿದ್ದರಿಂದ ನೆಲದೊಳಗಿನ ನೀರು ಏರಿ, ವೇಗವಾಗಿ ಹರಿದಿದೆ. ಬಂಕಿನ ತೆಳು ಕೊಳವೆಯ ಪಂಪು ಅಷ್ಟಗಲ ಎಳೆಯಲಾರದೆ ಸೋತಿದೆ. ಶಿಶುವಿಹಾರದ ಗೋಡೆಯ ಹತ್ತಿರದ ಕೊಳವೆಯಲ್ಲಿ ಪೆಟ್ರೋಲಿನ ಸುಳಿವು ಸಿಕ್ಕಿದೆ. ಅವರ ಬಾವಿಗೆ ಇನ್ನೂ ತಗುಲಿಲ್ಲ. ಗೋಡೆಯ ಈಚೆ ಬಂದು ನಿಂತಿದೆ.

ಜುಲೈನಲ್ಲೇ ಗೊತ್ತಾಗಬೇಕಿತ್ತು. ಅಜ್ಜ ಇಡೀ ದಿನ ಶಿಶುವಿಹಾರದ ಗೋಡೆಯ ಹತ್ತಿರ ಕೂತಿದ್ದರು. ಪಲಾವ್ ಮಾಡಿದವನು ನಾನು.

ಸೆಪ್ಟೆಂಬರ್ 2

ಹೆಚ್ಚು ನೀರೆಳೆಯಬಲ್ಲ ಹೊಸ ದೊಡ್ಡ ಬಾವಿ ತೋಡಲು ಯಂತ್ರ ಬರುವುದು ಮುಂದಿನ ವರ್ಷ. ಅಷ್ಟರೊಳಗೆ ಪೆಟ್ರೋಲು ಗೋಡೆ ದಾಟುತ್ತದೆ. ಸನೋಬರ್ ಮಂಚದ ಮೇಲೆ ನಕ್ಷೆ ಹರಡಿಕೊಂಡು ಕೂತಿದ್ದರು. ನನ್ನನ್ನು ಏನೂ ಕೇಳಲಿಲ್ಲ. ನಾನೇ ಬಗ್ಗಿ ನೋಡಿದೆ. ಬಂಕಿಗೂ ಶಿಶುವಿಹಾರಕ್ಕೂ ನಡುವೆ, ಹರಿವಿನ ನೆಟ್ಟನೆ ದಾರಿಯಲ್ಲಿ, ಒಂದು ದುಂಡು ಗುರುತು.

"ಇದು ನಾನಲ್ವಾ?"

"ನಿಮ್ಮ ಬಾವಿ."

"ಅಗಲ ಇದೆ, ಆಳ ಇದೆ. ಇದರಿಂದಲೇ ಎಳೆದ್ರೆ?"

"ಎಲ್ಲಾ ಕೊಳಕೂ ಇಲ್ಲಿಗೇ ತಿರುಗುತ್ತೆ. ಮಕ್ಕಳ ಕಡೆ ಹೋಗಲ್ಲ." ನಕ್ಷೆಯಿಂದ ತಲೆಯೆತ್ತಿದರು. "ಆದ್ರೆ ಅಣ್ಣ, ಮುಂದಿನ ನವ್ರೂಜ್ ಮರೆತುಬಿಡಬೇಕು. ಅದರ ಮುಂದಿನದನ್ನೂ. ಆಮೇಲಿನದು ನನಗೇ ಗೊತ್ತಿಲ್ಲ. ಬಾವಿ ನಿಮ್ಮದು. ಯಾರೂ ಬಲವಂತ ಮಾಡೋ ಹಾಗಿಲ್ಲ, ನಾನಂತೂ ಮಾಡಲ್ಲ."

ಮನೆಯಲ್ಲಿ ಮಸ್ತುರಾಗೆ ಹೇಳಿದೆ. ಹಿಟ್ಟು ನಾದುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

"ಮಕ್ಕಳಿಗೆ ಟ್ಯಾಂಕರ್ ನೀರು ತರಿಸಿದ್ರಾಯ್ತು," ಎಂದು ನಾನೇ ಅಂದೆ.

"ನಿಮ್ಮ ಅಂಗಡಿಗೇ ಬರದ ಟ್ಯಾಂಕರ್ರು?"

"ನನ್ನ ಚಹಾಮನೆ ಮುಳುಗುತ್ತೆ ಕಣೇ."

"ನಾನೇನೂ ಹೇಳ್ಲಿಲ್ಲವಲ್ಲ. ಹಿಟ್ಟು ನಾದ್ತಾ ಇದೀನಿ."

ಹಿಟ್ಟಿಗೆ ಬಿದ್ದ ಏಟು ನೋಡಿದರೆ ಹೇಳುವುದೇನೂ ಉಳಿದಿರಲಿಲ್ಲ.

ಸೆಪ್ಟೆಂಬರ್ 3

ಸನೋಬರ್‌ಗೆ ಹೂಂ ಅಂದೆ. ಮಧ್ಯಾಹ್ನ ಕ್ಯಾರೆಟ್ ಕೊಳ್ಳಲು ಮರೆತೆ, ಮಸ್ತುರಾ ರೇಗಿದಳು.

ಸೆಪ್ಟೆಂಬರ್ 6

ಬಾವಿಯಿಂದ ಗೋಪುರದವರೆಗೆ ಪೈಪು ಹೂಳಲು ಕಂದಕ ಬೇಕಿತ್ತು. ಈ ಸಲ ಹಷರ್ ಕರೆದವರು ಸನೋಬರ್! ಎಲ್ಲಿ ಅಗೆಯಬೇಕೆಂದು ಸುಣ್ಣದ ಗೆರೆ ಎಳೆದರು. ಗೆರೆ ದಾಟಿದವರಿಗೆ ಪಲಾವ್ ಇಲ್ಲ ಎಂದರು. ತುರ್ಗುನ್ ಅಜ್ಜ ಗುದ್ದಲಿ ಹಿಡಿದು ಎಲ್ಲರಿಗಿಂತ ಮೊದಲು ಬಂದು ನಿಂತಿದ್ದರು. ಬಿಸಿಲೇರುವ ಮೊದಲೇ ಕಂದಕ ಮುಗಿಯಿತು. ತಾಷ್ಕೆಂಟಿನ ಗುತ್ತಿಗೆದಾರ ವಾರ ಬೇಕೆಂದಿದ್ದನಂತೆ.

ಎಲ್ಲರಿಗಿಂತ ಹೆಚ್ಚು ಅಗೆದವನು ಬುರ್ಹೋನ್. ಕೊನೆಗೆ ನನ್ನ ಪಕ್ಕದ ಮಣ್ಣುಗುಡ್ಡೆಯ ಮೇಲೆ ಕೂತ.

"ಯೋದ್ಗೋರ್, ನನ್ನ ಬಂಕಿನ ಹೇಸಿಗೆಯೆಲ್ಲ ನಿನ್ನ ಬಾವಿಗೆ ಬಂದು ಬೀಳುತ್ತಲ್ಲೋ."

"ನಿನ್ನ ಟೋಪಿ ಬಿದ್ದಾಗ್ಲೇ ಬಿದ್ದಾಯ್ತು ಬಿಡು. ಅದಕ್ಕಿಂತ ಹೊಲಸು ಇನ್ನೇನಿದೆ?"

ಅವನು ಅತ್ತ. ನಗಲೆಂದು ಹೇಳಿದ್ದು. ನನ್ನ ಕಸುಬು ಕೈಕೊಡುತ್ತಿದೆ.

ಅಕ್ಟೋಬರ್ 11

ಕರೆಂಟು ಹೋಗಿ ಬಂದಾಗ ಪಂಪು ತಾನಾಗಿ ಹೊರಡುವುದಿಲ್ಲ. ಗಾಳಿ ಹಿಡಿದುಕೊಳ್ಳುತ್ತದೆ; ಮೇಲಿನ ತಿರುಪು ಸಡಿಲಿಸಿ ಉಸಿರು ಬಿಡಿಸಬೇಕು. ಸನೋಬರ್ ಒಮ್ಮೆ ತೋರಿಸಿಕೊಟ್ಟಿದ್ದರು. ನಿನ್ನೆ ಅಸ್ಕಿಯಾದ ನಡುವೆ ದೀಪ ಆರಿ ಹತ್ತಿತು. ಎದುರಾಳಿ ಕಟ್ಟಿದ ಮಾತಿಗೆ ಒಳ್ಳೆಯ ಉತ್ತರವೊಂದು ನಾಲಗೆಯ ತುದಿಯಲ್ಲಿತ್ತು. ಎದ್ದು ಪಂಪಿನ ಹತ್ತಿರ ಹೋದೆ. ವಾಪಸ್ ಬರುವಷ್ಟರಲ್ಲಿ ನಾನು ಸೋತೆನೆಂದು ತೀರ್ಪಾಗಿತ್ತು.

ಗಿರಾಕಿಗಳು ಅರ್ಧವಾಗಿದ್ದಾರೆ. ಇರುವವರು ಗೋಪುರ ನೋಡುತ್ತ ಕೂರುತ್ತಾರೆ. ಅದು ಹೇಗೆ ಕೆಲಸ ಮಾಡುತ್ತದೆ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಕೇಳದವರಿಗೂ ಹೇಳುತ್ತೇನೆಂದು ಮಸ್ತುರಾಳ ದೂರು. ಸನೋಬರ್ ಸೀಸೆಯ ಗುಳ್ಳೆ ನೋಡುವ ಬಗೆಯನ್ನು ಮೊನ್ನೆ ಒಬ್ಬ ಡ್ರೈವರಿಗೆ ಚಹಾ ಬಟ್ಟಲಿನಲ್ಲಿ ಮಾಡಿ ತೋರಿಸಿದೆ. ಅವನ ಪ್ಯಾಂಟು ಒದ್ದೆಯಾಯಿತು.

ನವೆಂಬರ್ 16

ಸನೋಬರ್ ಬಂದು ಹೋದರು. ಚಳಿಗೆ ಮೂಗು ಕೆಂಪಾಗಿತ್ತು. ಮಾಮೂಲಿನಂತೆ ಮೊದಲು ಶಿಶುವಿಹಾರದ ಕೊಳವೆ, ಕೊನೆಗೆ ನನ್ನದು. ಮಸ್ತುರಾ ಅಡುಗೆಮನೆಯ ಕಿಟಕಿಯಿಂದಲೇ ಕೂಗಿದಳು: "ಹೋದ ತಿಂಗಳದು ಏನು ಬಂತು, ತಂಗೀ?"

"ಏನೂ ಇಲ್ಲ ಅಕ್ಕ! ಅದರ ಹಿಂದಿನ ತಿಂಗಳೂ ಇಲ್ಲ!"

ಒಳಗಿನಿಂದ ಪಾತ್ರೆಯ ಮುಚ್ಚಳ ಬಿದ್ದ ಸದ್ದಾಯಿತು. ಆಮೇಲೆ ಅವಳು ಹೊರಗೆ ಬಂದು, ಸನೋಬರ್ ಕೈಗವಸು ತೆಗೆಯುವುದನ್ನೂ ಕಾಯದೆ ಅಪ್ಪಿಕೊಂಡಳು. ಅಪ್ಪಿಕೊಂಡದ್ದಕ್ಕೆ ಒಂದು ಜೊತೆ ಕೈಗವಸು ಹಾಳು, ಹೊಸದು ಹಾಕಿಕೊಂಡು ಮತ್ತೆ ಮೊದಲಿನಿಂದ ಮಾಡಬೇಕು ಎಂದು ಸನೋಬರ್ ನಗುತ್ತ ಹೇಳಿದರು. ಮಾಡಿದರು ಕೂಡ. ಪುಟ್ಟ ಸೀಸೆ, ತಲೆಕೆಳಗು, ತಟ್ಟು. ಚೆಲ್ಲು. ಮತ್ತೆ.

ನನ್ನ ಬಾವಿಗೆ ಅವರು ಬರುವ ಹೊತ್ತಿಗೆ ಗೋಪುರದ ಫ್ಯಾನು ಕಿರುಗುಟ್ಟಲು ಶುರುಮಾಡಿತ್ತು. ಎಲೆ ಸಿಕ್ಕಿಕೊಂಡಿತ್ತು. ನಾನೂ ಬುರ್ಹೋನನೂ ಅದನ್ನು ಬಿಚ್ಚಿ ಕೂತಿದ್ದೆವು. ಸನೋಬರ್ ಹಿಂದೆ ನಿಂತು ಏನೋ ಹೇಳಿದರು, ಪಂಪಿನ ಗಲಾಟೆಯಲ್ಲಿ ಕೇಳಿಸಲಿಲ್ಲ. ಕೈ ಬೀಸಿ ಕಾರು ಹತ್ತಿದರು. ಫ್ಯಾನು ಈಗ ಚೆನ್ನಾಗಿದೆ. ಜಾಲರಿ ಕಟ್ಟಿದ್ದೇವೆ.

ಈಗ ನೆನಪಾಯಿತು. ನನ್ನ ಬಾವಿಯ ಫಲಿತಾಂಶ ಕೇಳಲೇ ಇಲ್ಲ. ನಾಳೆ ಫೋನು ಮಾಡಬೇಕು. ನಾಳೆ ಆಗುವುದಿಲ್ಲ, ಪೀಪಾಯಿಯ ಇದ್ದಿಲು ಬದಲಿಸಬೇಕು, ಬುರ್ಹೋನ್ ಬೆಳಗ್ಗೆಯೇ ಬರುತ್ತಾನೆ. ಯಾವಾಗಲಾದರೂ ಕೇಳಿದರಾಯಿತು.